ಹದ್ದಿನ ಬಯಲಿನ ಮಣ್ಣು

ಮುತ್ತುಗದಕೊಪ್ಪದ ಕೇರಿಯವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ನೋಡಬೇಕಾದರೆ ದಂಡೆಯ ಮೇಲೆ ನಿಂತು ಬಗ್ಗಿ ನೋಡಬೇಕಾಗಿತ್ತು. ಎರಡು ಆಳು ಆಳದ ನಾಲ್ಕು ಗುಂಡಿ. ತಳದಲ್ಲಿ ಹಸಿರು ನೀರು. ಒಂದರಲ್ಲಿ ಸತ್ತ ನಾಯಿ ತೇಲುತ್ತಿತ್ತು. ಎರಡು ಎಕರೆ ಎಂದು ಕಾಗದದಲ್ಲಿ ಬರೆದಿತ್ತು. ಉದ್ದಗಲದ ಅಳತೆ ಸರಿಯಾಗಿಯೇ ಇತ್ತು. ಆಳ ಎಷ್ಟು ಎಂದು ಯಾರೂ ಕೇಳಿರಲಿಲ್ಲ.

"ಭೂಮಿ ಬೇಕು ಅಂತ ಅರ್ಜಿ ಹಾಕಿದ್ರಿ, ಕೊಡಿಸಿದೀನಿ," ಎಂದರು ಪಟೇಲ ರಾಜಪ್ಪಗೌಡರು. "ಬೇರೆಯವ್ರಿಗೆ ಮೇಲಿನ ಭೂಮಿ ಅಷ್ಟೇ ಸಿಕ್ಕೈತೆ. ನಿಮಗೆ ಒಳಗಿಂದೂ ಸಿಕ್ಕೈತೆ. ಪುಣ್ಯವಂತ್ರು."

ಚಾವಡಿಯ ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಕೆಳಗೆ ನಿಂತಿದ್ದ ಕೇರಿಯವರಲ್ಲಿ ಒಬ್ಬಿಬ್ಬರು, ದೊಡ್ಡವರು ನಕ್ಕಾಗ ನಗಬೇಕೆಂಬ ಅಭ್ಯಾಸದಿಂದ ನಕ್ಕರು. ಗುತ್ಯಮ್ಮ ನಗಲಿಲ್ಲ. ಆ ನಾಲ್ಕರಲ್ಲಿ ಮೂರನೆಯ ಗುಂಡಿ ಅವಳ ಗಂಡನನ್ನು ನುಂಗಿತ್ತು.

ಅದಕ್ಕೆ ನಾಲ್ಕು ವರ್ಷದ ಹಿಂದೆ ಮ್ಯಾಂಗನೀಸಿನ ಕಂಪನಿಯೊಂದು ಊರಿಗೆ ಬಂದಿತ್ತು. ಕೇರಿಯವರ ಬಾಯಲ್ಲಿ ಅದು ಕರೇಕಲ್ಲಿನ ಕಂಪನಿ. ಅಂಜನಾಪುರದ ಚಾನಲ್ಲಿನ ಕೆಳಗೆ, ದನ ಮೇಯುವ ಬಯಲಿನಲ್ಲಿ, ಕರೇಕಲ್ಲು ಇದೆ ಎಂದು ಅಗೆಯಲು ಹಿಡಿದರು. ಗಂಡಸರು ಒಳಗೆ ಹಾರೆ ಹಾಕುವುದು, ಹೆಂಗಸರು ಬುಟ್ಟಿಯಲ್ಲಿ ಹೊತ್ತು ಮೇಲೆ ಹಾಕುವುದು. ಮಳೆ ಹಿಡಿದ ಒಂದು ಸಂಜೆ ಮೂರನೆಯ ಗುಂಡಿಯ ದರೆ ಜರಿಯಿತು. ಒಳಗೆ ರಂಗಪ್ಪನಿದ್ದ. ಗುತ್ಯಮ್ಮ ಬುಟ್ಟಿ ಬಿಸಾಕಿ ಒಳಗೆ ಹಾರಿದಳು. ಕೈಯಲ್ಲೇ ಕೆದರಿದಳು. ಉಗುರು ಕಿತ್ತು ಬಂದವು. ಕೇರಿಯವರು ಸೇರಿ ಹೆಣ ಎಳೆದಾಗ ಹೊತ್ತು ಮುಳುಗುತ್ತಿತ್ತು. ಕಂಪನಿಯ ಮೇಸ್ತ್ರಿ ಓಡಿ ಬಂದು ಮೊದಲು ಕೇಳಿದ್ದು, "ಹಾರೆ ಸಿಕ್ತಾ?"

ಹಾರೆ ಸಿಕ್ಕಿತ್ತು. ಅದನ್ನು ತೊಳೆದು ಕೊಟ್ಟರು.

ಕರೇಕಲ್ಲಿನ ಬೆಲೆ ಇಳಿಯಿತೆಂದು ಕಂಪನಿ ಒಂದು ದಿನ ಗಂಟುಮೂಟೆ ಕಟ್ಟಿತು. ಕಲ್ಲು ಹೋಯಿತು, ತೂತು ಉಳಿಯಿತು. ಹುಲ್ಲೂ ಹುಟ್ಟದ ಕಸಕಲ್ಲಿನ ಗುಡ್ಡೆಗಳು ಉಳಿದವು. ಆ ತೂತುಗಳನ್ನೇ ಈಗ ಹನ್ನೊಂದು ಮನೆಗೆ ಸೇರಿಸಿ ಭೂಮಿ ಎಂದು ಕೊಟ್ಟಿದ್ದರು.

ಗುತ್ಯಮ್ಮನ ತವರು ಸೊರಬದ ಆಚೆ, ಚಂದ್ರಗುತ್ತಿಯ ಬುಡದಲ್ಲಿ. ಗುಡ್ಡದ ಮೇಲಿನ ಅಮ್ಮನ ಹೆಸರನ್ನೇ ಇವಳಿಗೆ ಇಟ್ಟಿದ್ದರು. ದಿನಾ ಬೆಳಿಗ್ಗೆ ಎದ್ದು ಆ ದಿಕ್ಕಿಗೆ ಕೈಮುಗಿಯುತ್ತಿದ್ದಳು. ಗಂಡ ಸತ್ತ ಮೇಲೂ ಮುಗಿಯುವುದು ಬಿಡಲಿಲ್ಲ. ಕೈಮುಗಿದಾದ ಮೇಲೆ ಬೈಯುವುದೊಂದು ಸೇರಿಕೊಂಡಿತು. "ನೀನು ಮೇಲೆ ಬಂಡೆ ಒಳಗೆ ತಣ್ಣಗೆ ಕೂತಿದೀಯ. ಕೆಳಗೆ ಎಂತಾ ಆಗ್ತದೆ ಅಂತ ಒಂದಿನನಾದ್ರೂ ಬಗ್ಗಿ ನೋಡಿದೀಯನೇ?" ಎಂದು ಕೇಳಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಕೆಲಸಕ್ಕೆ ಹೋಗುವಳು. ಭಕ್ತಿ ಎಂದರೆ ಅವಳಿಗೆ ಹಾಗೆ. ಕೈಮುಗಿಸಿಕೊಂಡವರು ಬೈಸಿಕೊಳ್ಳಲೂಬೇಕು.

"ತುಂಬಾದು," ಎಂದಳು ಗುತ್ಯಮ್ಮ, ಕೇರಿಯವರ ಮುಂದೆ.

"ಯಾವುದನ್ನ?" ಎಂದಳು ಮುದುಕಿ ಸುಂಕಲಮ್ಮ. ಅವಳ ಬಾಯಿಗೆ ಇಡೀ ಕೇರಿ ಹೆದರುತ್ತಿತ್ತು.

"ಗುಂಡೀನ."

"ನನ್ನ ಹೊಟ್ಟೆ ಗುಂಡಿ ಎಪ್ಪತ್ತು ವರ್ಷದಿಂದ ತುಂಬ್ತಾ ಇದೀನಿ, ಇನ್ನೂ ತುಂಬಿಲ್ಲ. ಇನ್ನು ಇದು ಬೇರೆ. ನಡಿ, ಬುಟ್ಟಿ ಕೊಡು."

ಮೊದಲ ಬೇಸಿಗೆ ನೀರು ಎತ್ತಿ ಹೊರಹಾಕಿದರು. ಕಸಕಲ್ಲಿನ ಗುಡ್ಡೆಗಳನ್ನು ಹಾರೆಯಿಂದ ಮೀಟಿ ಗುಂಡಿಗೆ ಉರುಳಿಸಿದರು. ಹಗಲು ಗೌಡರ ಹೊಲದಲ್ಲಿ ಕೂಲಿ. ಬೆಳಗಿನ ಜಾವ ಮತ್ತು ಸಂಜೆ ಗುಂಡಿ. ನಲವತ್ತು ಜನ, ಹದಿನಾರು ಬುಟ್ಟಿ. ಬುಟ್ಟಿ ಇಲ್ಲದವರು ಗೋಣಿಚೀಲದಲ್ಲಿ ಹೊತ್ತರು. ಮೇಲೆ ಗರಸು ಮಣ್ಣು ಹರಡಿ ಸಮ ಮಾಡಿ, ಮಳೆಗಾಲಕ್ಕೆ ಚಾನಲ್ಲಿನ ನೀರು ಬಿಟ್ಟರು. ಮಧ್ಯಾಹ್ನ ಬಿಟ್ಟ ನೀರು ಸಂಜೆಗೆ ಇರಲಿಲ್ಲ. ಜರಡಿಗೆ ಹೊಯ್ದಂತೆ ಇಳಿದುಹೋಗಿತ್ತು.

ಗೌಡರ ಮನೆಯ ಆಳು ಕೆಂಪಪ್ಪ ದಾರಿಯಲ್ಲಿ ನಿಂತು, "ಪಾತಾಳದೋರಿಗೂ ಬಾಯಾರಿಕೆ ಇರ್ತದೆ, ಕುಡೀಲಿ ಬಿಡ್ರಿ," ಎಂದು ಹೇಳಿ ಹೋದ. ಅದು ಅವನ ಮಾತಲ್ಲ, ಗೌಡರ ಮಾತು.

ಗುತ್ಯಮ್ಮ ಮೂರು ದಿನ ನೀರು ಇಳಿದ ಜಾಗವನ್ನು ಕೆದರಿ ಕೆದರಿ ನೋಡಿದಳು. ನಾಲ್ಕನೆಯ ದಿನ ಅವಳಿಗೆ ತವರಿನ ಕೆರೆಯ ಏರಿ ನೆನಪಾಯಿತು. ಚಿಕ್ಕಂದಿನಲ್ಲಿ, ಒಡೆದ ಆ ಏರಿಯನ್ನು ಮತ್ತೆ ಕಟ್ಟುವಾಗ ಅವಳಪ್ಪ ನಡುವೆ ಜೇಡಿಮಣ್ಣು ತುಳಿಸಿದ್ದ. ಹೊರಗಡೆ ಏನು ಬೇಕಾದರೂ ಹಾಕು, ನೀರು ತಡೆಯುವುದು ಜೇಡಿ ಎಂದಿದ್ದ. ಎರಡನೆಯ ಬೇಸಿಗೆ ಗರಸಿನ ಮೇಲೆ ಒಂದು ಗೇಣು ಜೇಡಿ ಹಾಸಿದರು. ನೀರು ಚಿಮುಕಿಸಿ, ಸಾಲು ನಿಂತು ತುಳಿದು, ದಿಮ್ಮಸಿನಿಂದ ಬಡಿದರು. ಬಡಿದು ಬಡಿದು ಗಂಡಸರ ಅಂಗೈ ಸುಲಿಯಿತು. ಹೆಂಗಸರ ನೆತ್ತಿಯ ಮೇಲೆ ಸಿಂಬಿ ಕೂರುವ ಜಾಗದಲ್ಲಿ ಕೂದಲು ಉದುರಿ ಬಟ್ಟಲಿನಷ್ಟು ಬೋಳಾಯಿತು. "ಇನ್ನು ಮುಂದೆ ಸಿಂಬಿ ಜಾರಾದಿಲ್ಲ, ದೇವ್ರೇ ಜಾಗ ಮಾಡಿಕೊಟ್ಟ," ಎಂದಳು ಸುಂಕಲಮ್ಮ.

ಕಲ್ಲಾಯಿತು, ಗರಸಾಯಿತು, ಜೇಡಿಯಾಯಿತು. ಉಳಿದದ್ದು ಬೆಳೆಯುವ ಮಣ್ಣು. ಬತ್ತದ ಬೇರಿಗೆ ಕನಿಷ್ಠ ಒಂದೂವರೆ ಗೇಣು ಬೇಕು. ಅದನ್ನು ಎಲ್ಲಿಂದ ತರುವುದು?

ಊರ ಕೆರೆಯ ತಳದಲ್ಲಿ ಹೂಳು ಕೂತ ಗೋಡುಮಣ್ಣು ಬೇಕಾದಷ್ಟಿತ್ತು. ಪ್ರತಿ ಬೇಸಿಗೆಯಲ್ಲೂ ಅದನ್ನು ಅಗೆದು ಗೌಡರ ಗದ್ದೆಗಳಿಗೆ ಹೊತ್ತುಹಾಕುತ್ತಿದ್ದವರು ಕೇರಿಯವರೇ. ಅದು ಬಿಟ್ಟಿ ಕೆಲಸ. ಆದರೆ ಕೆರೆಯ ಗೋಡು ಅಚ್ಚುಕಟ್ಟಿನಲ್ಲಿ ಗದ್ದೆ ಇದ್ದವರಿಗೆ ಸೇರಿದ್ದು. ಕೇರಿಯವರು ಮುಟ್ಟಬಹುದು, ಹೊರಬಹುದು, ಒಯ್ಯುವ ಹಾಗಿಲ್ಲ. ಗುತ್ಯಮ್ಮ ಕೇಳಲೂ ಹೋಗಲಿಲ್ಲ.

ಅವಳು ತೋರಿಸಿದ್ದು ಹದ್ದಿನ ಬಯಲನ್ನು.

ಕೇರಿಯ ಹಿಂದೆ, ಹಳ್ಳದ ಮಗ್ಗುಲಲ್ಲಿ, ಊರಿನ ಸತ್ತ ದನಗಳನ್ನು ಎಳೆದು ಹಾಕುವ ಬಯಲು ಅದು. ಅಜ್ಜ ಮುತ್ತಜ್ಜನ ಕಾಲದಿಂದ ಅಲ್ಲಿ ತೊಗಲು ಸುಲಿದಿದ್ದರು. ಉಳಿದದ್ದನ್ನು ಹದ್ದು ತಿಂದಿದ್ದವು. ಹದ್ದು ಬಿಟ್ಟದ್ದನ್ನು ಮಣ್ಣು ತಿಂದಿತ್ತು. ಹಳ್ಳ ಪ್ರತಿ ವರ್ಷ ತುಂಬಿ ಬಂದು ಮೇಲೊಂದು ಪದರ ಹೂಳು ಹೊದಿಸಿ ಹೋಗುತ್ತಿತ್ತು. ಊರಿನ ಯಾವ ಗೌಡನೂ ಯಾವ ಅಯ್ಯನೂ ಆ ಕಡೆ ತಲೆಯಿಟ್ಟು ಮಲಗಿದವನಲ್ಲ. ಅಲ್ಲಿನ ಮಣ್ಣು ಕೆಂಪೋ ಕಪ್ಪೋ ಎಂದು ಅವರಿಗೆ ಗೊತ್ತಿರಲಿಲ್ಲ. ದೇವರು ಎಲ್ಲೆಲ್ಲಿಯೂ ಇದ್ದಾನೆ ಎಂದು ಪುರಾಣ ಓದುವಾಗ ಹೇಳುತ್ತಿದ್ದರು. ಹದ್ದಿನ ಬಯಲಿನಲ್ಲೂ ಇದ್ದಾನೆಯೇ ಎಂದು ಯಾರೂ ಕೇಳಿರಲಿಲ್ಲ.

ಗುದ್ದಲಿ ಹಾಕಿದರೆ ಮಣ್ಣು ಬೆಣ್ಣೆಯಂತೆ ಬಂತು. ಕಾಡಿಗೆಯಷ್ಟು ಕಪ್ಪು. ನಾತ ಮೂರು ದಿನ ಮೂಗಿಗೆ ಬಡಿಯಿತು, ನಾಲ್ಕನೆಯ ದಿನ ಮೂಗೇ ಸುಮ್ಮನಾಯಿತು. ಮೂಳೆ, ಕೊಂಬು, ಗೊರಸು ಬಂದರೆ ಆರಿಸಿ ಪಕ್ಕಕ್ಕೆ ಹಾಕುವರು. ಎಲ್ಲ ಆರಿಸಲಾಗಲಿಲ್ಲ. ಕೇರಿಯ ಹಿಂದಿನ ಕಾಲುದಾರಿಯಲ್ಲಿ ಎರಡು ಬೇಸಿಗೆ ಹೊತ್ತರು. ಆ ದಾರಿಯಲ್ಲಿ ಊರವರು ನಡೆಯುತ್ತಿರಲಿಲ್ಲ.

ಸಾವಿರದೊಂಬೈನೂರ ಐವತ್ತೆಂಟನೆಯ ಇಸವಿಯ ಬೇಸಿಗೆ ಮುಗಿಯುವಾಗ ಗುಂಡಿಗಳಿದ್ದ ಜಾಗದಲ್ಲಿ ಬದು ಕಟ್ಟಿದ ಆರು ಮಡಿಗಳಿದ್ದವು. ನೀರು ಬಿಟ್ಟು ನೋಡಿದರು. ಒಂದು ದಿನ ನಿಂತಿತು. ಮೂರು ದಿನ ನಿಂತಿತು. ಮೂರನೆಯ ದಿನ ಕೊಕ್ಕರೆಯೊಂದು ಬಂದು ಒಂಟಿಕಾಲಲ್ಲಿ ನಿಂತಿತು. ಗುತ್ಯಮ್ಮ ಬದುವಿನ ಮೇಲೆ ಕೂತು ಕೊಕ್ಕರೆಯನ್ನು ನೋಡಿ ಅತ್ತಳು. ಗಂಡ ಸತ್ತಾಗ ಅತ್ತದ್ದಕ್ಕಿಂತ ಹೆಚ್ಚು ಅತ್ತಳು.

ಆ ಕೊಕ್ಕರೆಯನ್ನು ಗೌಡರೂ ನೋಡಿದರು.

ಗೌಡರಿಗೆ ಎರಡು ಎಕರೆ ದೊಡ್ಡದಲ್ಲ. ಅವರ ಸಂಕಟ ಬೇರೆ. ಹನ್ನೊಂದು ಮನೆಗೆ ಸ್ವಂತ ಗದ್ದೆಯಾದರೆ ನಾಟಿಯ ಕಾಲಕ್ಕೆ ಅವರ ಮೂವತ್ತು ಎಕರೆಯಲ್ಲಿ ಬಗ್ಗುವವರು ಯಾರು? ಆ ವರ್ಷ ಸಸಿ ಮಡಿ ಮಾಡಲು ಕೆಂಪಪ್ಪ ಕರೆಯಲು ಹೋದಾಗ, "ನಮ್ಮ ಸಸಿ ಮಡಿ ಆಗ್ಲಿ, ಬರ್ತೀವಿ," ಎಂದಿದ್ದರು. 'ನಮ್ಮ' ಎಂಬ ಮಾತು ಗೌಡರ ಎದೆಗೆ ಮುಳ್ಳಿನಂತೆ ಹೋಯಿತು. ಮರುದಿನವೇ ಚಾನಲ್ಲಿನ ತೂಬಿಗೆ ಕಲ್ಲು ಬಿತ್ತು. ಶಾನುಭೋಗ ಶೇಷಪ್ಪನವರ ಕೈಯಲ್ಲಿ ಶಿಕಾರಿಪುರದ ಅಮಲ್ದಾರರಿಗೆ ಅರ್ಜಿ ಹೋಯಿತು: ಊರ ಕೆರೆಯ ಗೋಡುಮಣ್ಣನ್ನು ಕೇರಿಯವರು ಕದ್ದು ಗುಂಡಿ ತುಂಬಿಕೊಂಡಿದ್ದಾರೆ. ಮಣ್ಣನ್ನು ತೆಗೆದು ಕೆರೆಗೆ ಹಾಕಬೇಕು, ಇಲ್ಲವೇ ಜಾಗ ಬಿಟ್ಟು ಏಳಬೇಕು.

ಅಮಲ್ದಾರರು ಬರುವ ಹಿಂದಿನ ದಿನ ಇಳಿಹೊತ್ತಿಗೆ ಗುತ್ಯಮ್ಮನ ಮೈದುನ ಸಣ್ಣಪ್ಪ ಗೌಡರ ಮನೆಯಿಂದ ಬಂದ. ಅಣ್ಣ ರಂಗಪ್ಪ ಸತ್ತ ಮೇಲೆ ಊರಿನ ಚಾಕರಿ ಮಾಡುವ ಕುಳವಾಡಿ ಇವನೇ. ಬಂದವನು ಗೋಡೆಗೆ ಒರಗಿ ಕೂತ. ಅತ್ತಿಗೆ ಕೊಟ್ಟ ನೀರನ್ನು ಕುಡಿಯಲಿಲ್ಲ.

"ಎಂತಾ ಅಂದ್ರು?" ಎಂದಳು ಗುತ್ಯಮ್ಮ.

"ನಾಳೆ ಹೆಂಟೆ ಹೊರ್ಬೇಕಂತೆ."

ಊರಿಗೂ ಊರಿಗೂ ಗಡಿಯ ಜಗಳವಾದರೆ, ಹೊಲಕ್ಕೂ ಹೊಲಕ್ಕೂ ಬದುವಿನ ತಕರಾರು ಬಂದರೆ, ಕುಳವಾಡಿ ಒಂದು ಹೆಂಟೆ ಮಣ್ಣು ತಲೆಯ ಮೇಲಿಟ್ಟುಕೊಂಡು ನಡೆಯುವುದು ಆ ಸೀಮೆಯ ಹಳೆಯ ಪದ್ಧತಿ. ಅವನು ನಡೆದದ್ದೇ ಗಡಿ, ಅವನು ಹೇಳಿದ್ದೇ ಸಾಕ್ಷಿ. ಸುಳ್ಳು ಹೇಳಿದರೆ ಅವನ ವಂಶ ಆ ಹೆಂಟೆಯ ಹಾಗೆ ಪುಡಿಯಾಗುತ್ತದೆಂದು ನಂಬಿಕೆ. ವರ್ಷವೆಲ್ಲ ದೂರ ನಿಲ್ಲಿಸಿದ ಬಾಯಿ ಅವತ್ತೊಂದು ದಿನ ಸತ್ಯದ ಬಾಯಿ. ವಂಶ ಹಾಳಾಗುವ ಕೆಲಸವನ್ನು ದೊಡ್ಡವರು ತಮ್ಮ ಮನೆಗೆ ಇಟ್ಟುಕೊಳ್ಳದೆ ಕೇರಿಗೆ ಗೌರವವೆಂದು ಕೊಟ್ಟಿದ್ದರು.

"ಹೊತ್ಕೊಂಡು ಎಂತಾ ಹೇಳ್ಬೇಕಂತೆ?"

"ಇದು ಊರ ಕೆರೆ ಮಣ್ಣು ಅಂತ."

"ನೀನು ಎಂತಾ ಅಂದೆ?"

ಸಣ್ಣಪ್ಪ ನೆಲ ನೋಡಿದ. "ಹೂಂ ಅಂದೆ ಅತ್ಗೆ. ಇಲ್ಲ ಅಂದ್ರೆ ಕುಳವಾಡಿಕೆ ಕಿತ್ಕೊಂತಾರಂತೆ. ಕೇರಿ ಬಾವಿಗೆ ಮುಳ್ಳು ಹಾಕಿಸ್ತಾರಂತೆ."

ಬಾಗಿಲಲ್ಲಿ ಕೂತಿದ್ದ ಸುಂಕಲಮ್ಮ ಎಲೆಯಡಿಕೆ ಉಗಿದು, "ಕೆರೆ ಮಣ್ಣಂತಾ? ಅವರಿಗೆ ಗೊತ್ತಿಲ್ವೇನೋ ಅದು ಎಲ್ಲಿಂದು ಅಂತ?" ಎಂದಳು.

"ಗೊತ್ತಿಲ್ಲ ಕಣಜ್ಜಿ. ಕಪ್ಪಗಿರಾದೆಲ್ಲ ಅವರ ಕೆರೇದೇ ಅಂತ ಮಾಡಿದಾರೆ. ನಾನು ಹೇಳಾಕ್ ಹೋದ್ರೆ, ಬಾಯ್ಮುಚ್ಚು, ಹೇಳಿದ್ದಷ್ಟು ಹೇಳು ಅಂದ್ರು."

ಗುತ್ಯಮ್ಮ ಮೈದುನನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಸಣ್ಣಾ, ನಿನಗೆ ಮಕ್ಕಳು ಮೂರು. ಆಣೆ ನಿನ್ನ ತಲೆ ಮೇಲೆ, ಗದ್ದೆ ಅವರ ಮಡಿಲಿಗೆ. ಇದ್ಯಾವ ನ್ಯಾಯನಾ?"

ಅವನು ತಲೆವಸ್ತ್ರ ಕೊಡವಿ ಎದ್ದ. ಅವಳು ಒತ್ತಾಯ ಮಾಡಲಿಲ್ಲ. ಹೆದರಿದವನನ್ನು ಮತ್ತೆ ಹೆದರಿಸಬಾರದೆಂದು ಅವಳಿಗೆ ಗೊತ್ತಿತ್ತು.

ಮರುದಿನ ಹತ್ತು ಗಂಟೆಗೆ ಅಮಲ್ದಾರರ ಜೀಪು ಬಂತು. ಚಿಕ್ಕ ವಯಸ್ಸಿನ ಅಧಿಕಾರಿ. ಬದುವಿನ ಮೇಲೆ ಕುರ್ಚಿ ಹಾಕಿಸಿದ್ದರು. ಶಾನುಭೋಗರು ಕೊಡೆ ಹಿಡಿದು ಪಕ್ಕದಲ್ಲಿ ನಿಂತರು. ಮೃಗಶಿರೆಯ ಮಳೆ ಬಂದು ಬಿಡುವು ಕೊಟ್ಟಿತ್ತು. ಉತ್ತ ಮಣ್ಣು ಹೆಂಟೆಹೆಂಟೆಯಾಗಿ ಬಿದ್ದಿತ್ತು. ಕೇರಿಯವರು ಆಚೆ ಬದುವಿನಲ್ಲಿ ಸಾಲಾಗಿ ನಿಂತಿದ್ದರು.

ಅಮಲ್ದಾರರು ಕಾಗದ ನೋಡಿದರು, ನೆಲ ನೋಡಿದರು. "ಗುಂಡಿ ಎಲ್ಲಿ?"

"ಇದೇ ಸ್ವಾಮಿ," ಎಂದರು ಶಾನುಭೋಗರು.

"ಇದು ಗದ್ದೆಯಲ್ಲವೇನ್ರೀ?"

"ಗುಂಡಿಯೇ ಸ್ವಾಮಿ. ದಾಖಲೆಯಲ್ಲಿ ಗುಂಡಿ ಅಂತಲೇ ಇದೆ."

ಅಮಲ್ದಾರರು ಎದ್ದು ಕಾಲಿನಿಂದ ನೆಲ ಒತ್ತಿ ನೋಡಿ, ಮತ್ತೆ ಕೂತರು.

ಆಚೆ ಬದುವಿನಿಂದ ಗುತ್ಯಮ್ಮ, "ಬುದ್ಧಿ, ಈ ಮಣ್ಣು ಎಲ್ಲಿಂದು ಅಂತ ನಾನು ಹೇಳ್ತೀನಿ," ಎಂದಳು.

"ನಿನ್ನ ಸರದಿ ಬಂದಾಗ ಹೇಳಮ್ಮ. ಮೊದಲು ಅರ್ಜಿದಾರರು."

ಪಟೇಲರು ಮುಂದೆ ಬಂದರು. "ಗುಂಡಿ ಇವರದೇ ಸ್ವಾಮಿ, ನಾವು ಇಲ್ಲ ಅನ್ನಲ್ಲ. ಧರ್ಮ ಬಿಟ್ಟು ಮಾತಾಡೋ ಮನೆತನ ಅಲ್ಲ ನಮ್ಮದು. ಆದ್ರೆ ಒಳಗೆ ತುಂಬಿರೋದು ಊರ ಕೆರೆ ಗೋಡು. ಇವರ ಗುಂಡಿ ಇವರಿಗಿರ್ಲಿ. ನಮ್ಮ ಮಣ್ಣು ನಮಗೆ ಕೊಡ್ಲಿ."

"ಇದು ನಿಮ್ಮ ಕೆರೆಯ ಮಣ್ಣೇ ಅಂತ ಹೇಗೆ ಹೇಳ್ತೀರಿ?"

ಗೌಡರು ನಕ್ಕರು. ಮಣ್ಣಿನ ವಿಷಯದಲ್ಲಿ ಅವರಿಗೆ ದೊಡ್ಡ ಹೆಸರಿತ್ತು. ನೆಕ್ಕಿ ನೋಡಿ ಯಾವ ಹೊಲದ್ದೆಂದು ಹೇಳುತ್ತಾರೆಂದು ಹತ್ತಿರದ ಊರವರೂ ನಂಬಿದ್ದರು. ಅಂಗವಸ್ತ್ರ ಹಿಂದಕ್ಕೆ ಹಾಕಿ, ಬಗ್ಗಿ, ಒಂದು ಚಿಟಿಕೆ ಎತ್ತಿದರು. ಮೂಸಿದರು. ನಾಲಿಗೆಯ ಮೇಲಿಟ್ಟುಕೊಂಡರು. ಕಣ್ಣು ಮುಚ್ಚಿ ಚಪ್ಪರಿಸಿದರು.

ಆಚೆ ಬದುವಿನಲ್ಲಿ ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಂಕಲಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಸಿಹಿ," ಎಂದರು ಗೌಡರು. "ನಮ್ಮ ಕೆರೆದೇ. ಈ ರುಚಿ ಬೇರೆ ಕಡೆ ಎಲ್ಲಿ ಬರ್ಬೇಕು ಸ್ವಾಮಿ. ತಾಯಿ ಹಾಲು ಗೊತ್ತಾಗಲ್ವಾ? ಬೇಕಾದ್ರೆ ನಮ್ಮ ಕುಳವಾಡಿ ಹೆಂಟೆ ಹೊತ್ತು ಹೇಳ್ತಾನೆ."

ಶಾನುಭೋಗರು ಆ ಪದ್ಧತಿಯನ್ನು ವಿವರಿಸಿದರು. ಅಮಲ್ದಾರರು ಗಡಿಯಾರ ನೋಡಿಕೊಂಡು, "ಆಗಲಿ, ಅದೂ ಒಂದು ಸಾಕ್ಷಿ. ಬೇಗ," ಎಂದರು.

ಸಣ್ಣಪ್ಪ ಗದ್ದೆಗೆ ಇಳಿದ. ತಲೆವಸ್ತ್ರ ತೆಗೆದು ಸೊಂಟಕ್ಕೆ ಕಟ್ಟಿದ. ಒಂದು ಹೆಂಟೆ ಎತ್ತಿ ತಲೆಯ ಮೇಲಿಟ್ಟುಕೊಂಡ. ಕಪ್ಪು ಪುಡಿ ಹಣೆಯ ಮೇಲೆ ಉದುರಿತು.

"ಹೇಳೋ," ಎಂದರು ಗೌಡರು.

ಸಣ್ಣಪ್ಪ ಬಾಯಿ ತೆರೆದ.

ಗುತ್ಯಮ್ಮ ಬದು ಇಳಿದು ಬಂದಳು. ಯಾರೂ ತಡೆಯಲಿಲ್ಲ. ಹೆಂಗಸೊಬ್ಬಳು ಹಾಗೆ ಇಳಿದು ಬರುತ್ತಾಳೆಂದು ಯಾರಿಗೂ ಹೊಳೆದಿರಲಿಲ್ಲ. ಮೈದುನನ ಎದುರು ನಿಂತು ಎರಡೂ ಕೈಯಿಂದ ಆ ಹೆಂಟೆಯನ್ನು ಅವನ ತಲೆಯಿಂದ ಇಳಿಸಿಕೊಂಡಳು.

"ನೀನು ಹೊರಾದಿಲ್ಲ," ಎಂದಳು. ಗೌಡರ ಕಡೆ ತಿರುಗಿದಳು. "ಇವನು ಹೊರಾದಿಲ್ಲ. ನಾವು ಯಾರೂ ಹೊರಾದಿಲ್ಲ."

"ಗಂಡ ಸತ್ತೋಳು ಹೆಂಟೆ ಮುಟ್ಟಿದಾಳೆ," ಎಂದರು ಗೌಡರು ಅಮಲ್ದಾರರಿಗೆ. "ಮೈಲಿಗೆ ಆಯ್ತು."

"ಎರಡು ಬೇಸಿಗೆ ಇದೇ ಮುಂಡೆ ತಲೆ ಮೇಲೆ ಬಂದಿದ್ದು ಗೌಡ್ರೇ ಈ ಮಣ್ಣು. ಆವಾಗ ಮೈಲಿಗೆ ಆಗ್ಲಿಲ್ಲ. ಈಗ ನೆಕ್ಕಿದ್ರಲ್ಲ, ಆವಾಗಲೂ ಆಗ್ಲಿಲ್ಲ. ನಮ್ಮನೆಯೋರು ಮೂರು ತಲೆಮಾರು ನಿಮ್ಮ ಗಡಿ ಹೊತ್ರು, ನಿಮ್ಮ ಆಣೆ ಹೊತ್ರು, ನಿಮ್ಮ ಸತ್ತ ದನ ಹೊತ್ರು. ಯಾರು ತಮ್ಮದು ಅಂತಾರೋ ಅವರು ಹೊರ್ಲಿ. ತಗಳ್ರಿ."

ಹೆಂಟೆಯನ್ನು ಗೌಡರ ಕಾಲಬುಡದ ಬದುವಿನ ಮೇಲೆ ಇಟ್ಟಳು.

ಅಮಲ್ದಾರರಿಗೆ ಮೊದಲ ಸಲ ಈ ತಕರಾರಿನಲ್ಲಿ ಆಸಕ್ತಿ ಹುಟ್ಟಿತು. "ನ್ಯಾಯವಾದ ಮಾತೇ. ಮಣ್ಣು ನಿಮ್ಮದು ಅಂದಮೇಲೆ ನೀವೇ ಹೊರಬಹುದಲ್ಲ ಪಟೇಲರೇ?"

ಗೌಡರು ಸುತ್ತ ನೋಡಿದರು. ಹಿಂದೆ ಊರಿನ ನಾಲ್ಕು ಜನ ದೊಡ್ಡವರಿದ್ದರು. ಎರಡು ಎಕರೆ ಗದ್ದೆ, ಹನ್ನೊಂದು ಮನೆಯ ಆಳು. ಒಂದು ಹೆಂಟೆಯ ಭಾರ ಎಷ್ಟು ಮಹಾ? ರುಮಾಲು ತೆಗೆದು ಕೆಂಪಪ್ಪನ ಕೈಗೆ ಕೊಟ್ಟರು. ಬೋಳು ನೆತ್ತಿ ಬಿಸಿಲಿಗೆ ಮಿಂಚಿತು. ಬಗ್ಗಿ ಹೆಂಟೆಗೆ ಕೈಹಾಕಿದರು.

ಸುಂಕಲಮ್ಮನಿಗೆ ತಡೆಯಲಾಗಲಿಲ್ಲ. "ಹುಷಾರು ಗೌಡ್ರೇ, ನಿಮ್ಮ ಬಿಳೇ ಎತ್ತು ಹಾಯ್ತದೆ."

"ಏನಂದಿ?"

"ಮೂರು ವರ್ಷದ ಹಿಂದೆ ಬಾವು ಬಂದು ಸತ್ತಿತ್ತಲ್ಲ, ನಿಮ್ಮ ಜೋಡೆತ್ತಿನಲ್ಲಿ ಒಂದು. ಅದನ್ನ ಕೇರಿಯೋರ ಕೈಲಿ ಎಳೆಸಿದ್ರಲ್ಲ. ಎಲ್ಲಿಗೆ ಹೋತು ಅಂತ ಮಾಡಿದೀರಿ? ಕೈಲಾಸಕ್ಕಾ?"

ಗುತ್ಯಮ್ಮ ಅಮಲ್ದಾರರ ಕಡೆ ತಿರುಗಿದಳು. "ನನ್ನ ಸರದಿ ಬಂತನಾ ಬುದ್ಧಿ?"

"ಹೇಳು."

"ಇದು ಕೆರೆ ಮಣ್ಣಲ್ಲ. ಹದ್ದಿನ ಬಯಲಿಂದು. ಸತ್ತ ದನ ಸುಲಿಯೋ ಜಾಗ. ಅವರಪ್ಪ ಸಾಕಿದ ದನ, ಅಜ್ಜ ಸಾಕಿದ ದನ, ಎಲ್ಲಾ ಇದರೊಳಗೇ ಅದಾವೆ. ಒಂದು ರೀತೀಲಿ ಗೌಡ್ರ ಆಸ್ತೀನೇ, ನಾನು ಇಲ್ಲ ಅನ್ನಾದಿಲ್ಲ."

"ಸುಳ್ಳು," ಎಂದರು ಗೌಡರು. ಆದರೆ ಹೆಂಟೆಯ ಮೇಲಿದ್ದ ಕೈ ಹಿಂದಕ್ಕೆ ಬಂದಿತ್ತು.

ಗುತ್ಯಮ್ಮ ಬದುವಿನಲ್ಲಿದ್ದ ಗುದ್ದಲಿ ತೆಗೆದುಕೊಂಡಳು. ಒಂದು ಏಟು. ಎರಡು ಏಟು. ಮೂರನೆಯ ಏಟಿಗೆ ಗುದ್ದಲಿಯ ಬಾಯಿಗೆ ಏನೋ ತಗುಲಿತು. ಕೈಹಾಕಿ ಎತ್ತಿದಳು. ಎತ್ತಿನ ಗೊರಸು. ಲಾಳ ಇನ್ನೂ ಅಂಟಿಕೊಂಡಿತ್ತು.

ಶಾನುಭೋಗರು ಕೊಡೆಯೊಂದಿಗೆ ನಾಲ್ಕು ಹೆಜ್ಜೆ ಹಿಂದಕ್ಕೆ ಹಾರಿದರು. ಹಾರಿದ ಮೇಲೆ, ಹಾರಿದ್ದೂ ಅದೇ ಮಣ್ಣಿಗೆ ಎಂದು ತಿಳಿದು ಪಂಚೆ ಎತ್ತಿಕೊಂಡು ಒಂಟಿಕಾಲಲ್ಲಿ ನಿಂತರು. ಮೊನ್ನೆ ಕೊಕ್ಕರೆ ಅದಕ್ಕಿಂತ ಚಂದ ನಿಂತಿತ್ತು. ಊರಿನ ದೊಡ್ಡವರು ಗದ್ದೆ ಬಿಟ್ಟು ರಸ್ತೆಗೆ ಏರಿದರು. ಅಮಲ್ದಾರರು ಬೂಟು ಎತ್ತಿ ಕುರ್ಚಿಯ ಅಡ್ಡಪಟ್ಟಿಯ ಮೇಲಿಟ್ಟುಕೊಂಡರು.

ಗೌಡರು ಮಾತ್ರ ನಿಂತಲ್ಲೇ ನಿಂತಿದ್ದರು. ಬಾಯಿ ಮುಚ್ಚಿಕೊಂಡಿತ್ತು, ಕೆನ್ನೆ ಉಬ್ಬಿತ್ತು. ಒಳಗೆ ನಾಲಿಗೆ ಏನು ಮಾಡಬೇಕೆಂದು ತಿಳಿಯದೆ ಒದ್ದಾಡುತ್ತಿತ್ತು.

"ಕೆರೆ ಮಣ್ಣು ಅನ್ನಾದಾದ್ರೆ ನುಂಗಿ ಗೌಡ್ರೇ," ಎಂದಳು ಗುತ್ಯಮ್ಮ. ದನಿ ಎತ್ತರಿಸಲಿಲ್ಲ. "ಹೆಂಟೆ ಹೊತ್ತು ನಾಲ್ಕು ಬದು ನಡೀರಿ. ನಾವು ಈಗಲೇ ಗದ್ದೆ ಬಿಟ್ಟು ಹೋಗ್ತೀವಿ. ಹನ್ನೊಂದು ಮನೆಯೋರೂ. ಅಲ್ಲ ಅನ್ನಾದಾದ್ರೆ ಉಗೀರಿ."

ಗೌಡರ ಕಣ್ಣಲ್ಲಿ ನೀರು ತುಂಬಿತು. ಇನ್ನೊಂದು ಗಳಿಗೆ ಹಿಡಿದರು. ಆಮೇಲೆ ಬಗ್ಗಿ ಉಗಿದರು. ಉಗಿದು, ಕೆಮ್ಮಿ, ಕೆಂಪಪ್ಪನ ಕೈಯಲ್ಲಿದ್ದ ತಮ್ಮ ರುಮಾಲಿನಲ್ಲೇ ನಾಲಿಗೆ ಉಜ್ಜಿ ಮತ್ತೆ ಉಗಿದರು. "ಥೂ, ಹಲ್ಕಾ ಮಣ್ಣು. ನಮ್ಮದಲ್ಲ. ಇದು ನಮ್ಮದಲ್ಲ."

"ಬರಕಳ್ರಿ ಬುದ್ಧಿ," ಎಂದಳು ಗುತ್ಯಮ್ಮ.

ಅಮಲ್ದಾರರು ಬರೆಸಿದರು. ಮಣ್ಣು ಊರ ಕೆರೆಯದಲ್ಲವೆಂದು ಪಟೇಲರೇ ಒಪ್ಪಿದ್ದಾರೆ, ಅರ್ಜಿ ವಜಾ, ತೂಬಿನ ಕಲ್ಲು ತೆಗೆಯತಕ್ಕದ್ದು. ಶಾನುಭೋಗರು ಒಂಟಿಕಾಲಲ್ಲೇ ಬರೆದರು. ಬರೆದಾದ ಮೇಲೆ ಅಮಲ್ದಾರರು ಬೇಗಬೇಗನೆ ಜೀಪಿನ ಕಡೆ ನಡೆದರು. ಗುತ್ಯಮ್ಮ ಅವರಿಗಿಂತ ಮುಂಚೆ ಹೋಗಿ ಜೀಪಿನ ಮುಂದೆ ನಿಂತಿದ್ದಳು.

"ಇನ್ನೇನಮ್ಮ?"

"ಗುಂಡಿ ಅಂತ ಬರೆದಿದೀರಲ್ಲ. ಅದನ್ನ ಹೊಡೆದು ಗದ್ದೆ ಅಂತ ಬರೀರಿ."

"ಅದಕ್ಕೆ ಬೇರೆ ಅರ್ಜಿ ಕೊಡಬೇಕು. ಆಮೇಲೆ ನೋಡೋಣ."

"ಗುಂಡಿ ಕೊಡುವಾಗ ಅವತ್ತಿಂದವತ್ತೇ ಕೊಟ್ರಿ. ಗದ್ದೆಗೆ ಆಮೇಲನಾ?" ಅವಳು ಕೈಮುಗಿದೇ ಕೇಳಿದಳು. ಕೈಮುಗಿದೇ ನಿಂತಳು. ಚಾಲಕ ಹಾರನ್ನು ಒತ್ತಿದ. ಸಣ್ಣಪ್ಪ ಬಂದು ಅತ್ತಿಗೆಯ ಪಕ್ಕ ನಿಂತ. ಅವನ ಹಣೆಯಲ್ಲಿ ಇನ್ನೂ ಕಪ್ಪು ಪುಡಿಯಿತ್ತು. ಸುಂಕಲಮ್ಮ ಬಂದಳು. ಕೇರಿ ಬಂತು. ಯಾರೂ ಕೂಗಲಿಲ್ಲ. ಬುಟ್ಟಿ ಹೊತ್ತ ಕುತ್ತಿಗೆಗಳು ನಲವತ್ತು, ನೆಟ್ಟಗೆ ನಿಂತವು.

ಅಮಲ್ದಾರರು ಜೀಪಿನ ಮುಂಭಾಗದ ಮೇಲೆ ಕಾಗದ ಇಟ್ಟು, ಶಾನುಭೋಗರ ಪೆನ್ನು ಇಸಿದುಕೊಂಡು, 'ಗುಂಡಿ' ಎಂಬುದನ್ನು ಹೊಡೆದು 'ಗದ್ದೆ' ಎಂದು ಬರೆದರು.

ಮಧ್ಯಾಹ್ನ, ತೂಬಿಗೆ ಕಲ್ಲು ಹಾಕಿದ್ದ ಕೆಂಪಪ್ಪನೇ ಬಂದು ಅದನ್ನು ತೆಗೆದ. ಮರುದಿನದಿಂದ ಊರಿನಲ್ಲಿ ಕೇರಿಗೆ ಕೋಣ, ಎತ್ತು, ನೇಗಿಲು ಯಾವುದನ್ನೂ ಬಾಡಿಗೆಗೆ ಕೊಡಕೂಡದೆಂದು ಗೌಡರು ಕಟ್ಟು ಮಾಡಿದರು. ಕೆಸರು ಮಾಡದೆ ನಾಟಿಯಿಲ್ಲ. ಹೆಂಟೆ ಮುಟ್ಟಿದ ತಪ್ಪಿಗೆ ಗುತ್ಯಮ್ಮ ಊರಮ್ಮನಿಗೆ ತಪ್ಪುಕಾಣಿಕೆ ಒಪ್ಪಿಸಬೇಕೆಂದೂ ಹೇಳಿಕಳಿಸಿದರು.

"ಅಮ್ಮಂಗೆ ಬೇಕಾದ್ರೆ ಅವಳೇ ಬರ್ತಾಳೆ," ಎಂದಳು ಗುತ್ಯಮ್ಮ. "ನಮ್ಮ ಗದ್ದೆ ಅವಳಿಗೆ ಗೊತ್ತು."

ಆರಿದ್ರೆ ಮಳೆಯ ಮೊದಲ ಬೆಳಿಗ್ಗೆ ಆರು ಮಡಿಗೂ ನೀರು ಕಟ್ಟಿದರು. ಕೋಣಗಳಿಲ್ಲವಲ್ಲ, ಕೇರಿಯೇ ಗದ್ದೆಗೆ ಇಳಿಯಿತು. ಗಂಡಸರು, ಹೆಂಗಸರು, ನಡೆಯಲಾಗದ ಸುಂಕಲಮ್ಮ ಕೂಡ. ಒಬ್ಬರ ಹೆಗಲ ಮೇಲೆ ಒಬ್ಬರು ಕೈಹಾಕಿ ಸಾಲು ಹಿಡಿದು ತುಳಿದರು. ಹೆಂಟೆ ಒಡೆಯಿತು, ಮಣ್ಣು ಕರಗಿತು, ಕಾಲಿಗೆ ಮೂಳೆ ಚುಚ್ಚಿ ರಕ್ತ ಬಂತು. "ಗೌಡ್ರ ಎತ್ತು ಸತ್ತ ಮೇಲೂ ಒದೀತದೆ," ಎಂದಳು ಸುಂಕಲಮ್ಮ. ನಕ್ಕು ನಕ್ಕು ಇಬ್ಬರು ಕೆಸರಿಗೇ ಬಿದ್ದರು.

ಮೂರನೆಯ ಗುಂಡಿ ಇದ್ದ ಮಡಿಗೆ ಬಂದಾಗ ಗುತ್ಯಮ್ಮನ ಕಾಲು ನಿಧಾನವಾಯಿತು. ಸಣ್ಣಪ್ಪ ಅವಳ ಹೆಗಲ ಮೇಲಿದ್ದ ಕೈಯನ್ನು ಬಿಗಿಮಾಡಿದ. ಕೆಳಗೆ ಕಪ್ಪು ಮಣ್ಣು, ಅದರ ಕೆಳಗೆ ಜೇಡಿ, ಗರಸು, ಕಲ್ಲು. ಅವಳು ನಿಲ್ಲಲಿಲ್ಲ. ತುಳಿದಳು. ಉಳಿದ ಮಡಿಗಿಂತ ಅಲ್ಲಿ ಎರಡು ಸುತ್ತು ಹೆಚ್ಚಾಗಿಯೇ ತುಳಿದಳು.

ಹೊತ್ತು ನೆತ್ತಿಗೆ ಬರುವಾಗ ನಾಟಿ ಹಿಡಿದರು. ಆಗ ಬದುವಿನ ಮೇಲೆ ಕೆಂಪಪ್ಪ ಬಂದು ನಿಂತ. ಮುಂಚೆಯಾದರೆ ದೂರದಿಂದಲೇ, ಏಯ್ ಬರ್ರೋ ಎಂದು ಕೂಗುತ್ತಿದ್ದವನು.

"ಎಂತಾ ಕೆಂಪಣ್ಣ?" ಎಂದಳು ಗುತ್ಯಮ್ಮ, ಬಗ್ಗಿದಂತೆಯೇ.

"ಗೌಡ್ರು ಕಳಿಸಿದ್ರು."

"ಹೆಂಟೆ ಹೊರಾಕಾ?" ಎಂದ ಸಣ್ಣಪ್ಪ. ಸಾಲಿನಲ್ಲಿ ನಗೆ ಹರಿಯಿತು. ಕೆಂಪಪ್ಪನಿಗೂ ನಗು ಬಂತು, ಹಿಂದೆ ಮುಂದೆ ನೋಡಿ ನುಂಗಿಕೊಂಡ.

"ನಾಟಿಗೆ ಯಾವತ್ತು ಬರ್ತೀರಿ ಅಂತ ಕೇಳ್ಕೊಂಡು ಬಾ ಅಂದ್ರು. ಸುತ್ತ ಊರಲ್ಲಿ ಎಲ್ಲೂ ಆಳು ಸಿಗ್ತಿಲ್ಲ."

"ನಮ್ಮದು ಮುಗಿದ ಮೇಲೆ."

"ಯಾವತ್ತು ಮುಗೀತದೆ?"

"ಅದನ್ನ ಈಗಲೇ ಹೆಂಗೆ ಹೇಳಾದು. ಮೊದಲನೇ ಸಲ ನಮಗೆ."

ಕೆಂಪಪ್ಪ ಕಾಲು ಬದಲಿಸಿ ನಿಂತ. "ಗೌಡ್ರ ಸಸಿ ಬಲೀತಾ ಐತೆ, ಇನ್ನು ತಡ ಆದ್ರೆ ನಾಟಿಗೆ ಬರಾದಿಲ್ಲ, ಗುತ್ಯಕ್ಕ."

"ಬಲೀಲಿ," ಎಂದು ಗುತ್ಯಮ್ಮ ಕಟ್ಟಿನಿಂದ ಇನ್ನೊಂದು ಹಿಡಿ ಸಸಿ ಬಿಡಿಸಿಕೊಂಡಳು.